ಮೊದಲ ಮುದ್ರೆಯ ಪ್ರಶ್ನೆ: ಗಣಕಯಂತ್ರದ ಆರಂಭದ ಅಳತೆ ಮತ್ತು ಹ್ಯಾಶ್ ವಿಧಾನಗಳ ಆಯ್ಕೆ

ಪೀಠಿಕೆ

ಮೈಸೂರಿನ ದೇವರಾಜ ಮೊಹಲ್ಲಾದ ದೇವರಾಜ ಮಾರುಕಟ್ಟೆಯಲ್ಲಿ ಎರಡು ಬಗೆಯ ಅಳತೆಗಳು ಇಂದಿಗೂ ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಹೂ ಮಾರುವವರು ಮಲ್ಲಿಗೆಯನ್ನು ಮೊಳ ಹಾಕಿ ಕೊಡುತ್ತಾರೆ. ಅಲ್ಲಿ ಅಳತೆಗೋಲೆಂದರೆ ಅವರ ಮೊಳಕೈಯೇ. ಕೊಳ್ಳುವವರಿಗೆ ಆ ಕೈಯ ಪರಿಚಯವಿರುತ್ತದೆ, ಯಾರ ಮೊಳ ಉದ್ದ, ಯಾರ ಮೊಳ ಗಿಡ್ಡ ಎಂಬುದೂ ತಿಳಿದಿರುತ್ತದೆ. ತರಕಾರಿ ಅಂಗಡಿಯ ತೂಕದ ಬಟ್ಟಿನ ರೀತಿ ಬೇರೆ. ಅದರ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಅಂಗಡಿಯವರ ಪರಿಚಯವಿಲ್ಲದ ಗಿರಾಕಿಯೂ ಆ ಮುದ್ರೆಯನ್ನು ನಂಬಿ ಸರಕು ಕೊಳ್ಳಬಹುದು. ಮೊದಲನೆಯದರಲ್ಲಿ ನಂಬಿಕೆಯ ನೆಲೆ ವ್ಯಕ್ತಿ, ಎರಡನೆಯದರಲ್ಲಿ ಮುದ್ರೆ.

ಜಾನಪದ ಅಧ್ಯಯನದಲ್ಲಿ ಅಳತೆ, ಗುರುತು, ಮುದ್ರೆಗಳು ಭೌತಿಕ ಸಂಸ್ಕೃತಿಯ ಭಾಗವಾಗಿ ಚರ್ಚೆಗೊಳಗಾಗಿವೆ. ಇವುಗಳ ಹಿಂದಿರುವ ಪ್ರಶ್ನೆ ಒಂದೇ: ಕಣ್ಣೆದುರು ಇಲ್ಲದ ವೇಳೆಯಲ್ಲಿ ವಸ್ತು ಬದಲಾಗಿಲ್ಲ ಎಂದು ನಂಬುವುದು ಹೇಗೆ? ಇಂದು ಇದೇ ಪ್ರಶ್ನೆಯನ್ನು ಗಣಕಯಂತ್ರಗಳ ಕುರಿತು ಕೇಳಬೇಕಾಗಿದೆ. ನಮ್ಮ ಪಹಣಿ, ನ್ಯಾಯಾಲಯದ ಸಾಕ್ಷ್ಯ, ಜನಪದ ಗಾಯಕರ ಧ್ವನಿಮುದ್ರಣ ಎಲ್ಲವೂ ಗಣಕದೊಳಗೆ ಸೇರಿವೆ. ಆ ಗಣಕ ಪ್ರತಿ ಬಾರಿ ಎಚ್ಚರಗೊಳ್ಳುವಾಗ ತನ್ನನ್ನು ತಾನು ಅಳೆದುಕೊಳ್ಳುವ ವಿಧಾನವೊಂದಿದೆ. ಅದನ್ನೂ, ಆ ಅಳತೆಗೆ ಬಳಸುವ ಹ್ಯಾಶ್ ಎಂಬ ಗಣನವಿಧಿಯ ಆಯ್ಕೆಯಲ್ಲಿರುವ ತೊಡಕುಗಳನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಅಳತೆಯನ್ನು ಅಳೆಯುವವರು ಯಾರು?

ಮುದ್ರೆಯ ಕಲ್ಪನೆ ನಮ್ಮಲ್ಲಿ ಹಳೆಯದು. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಮತ್ತು ಅಳತೆಗಳ ಮೇಲ್ವಿಚಾರಣೆಗೆ ಪ್ರತ್ಯೇಕ ಅಧಿಕಾರಿಯ ಉಲ್ಲೇಖವಿದೆ. ನಾಲ್ಕು ತಿಂಗಳಿಗೊಮ್ಮೆ ಅವುಗಳಿಗೆ ಮುದ್ರೆ ಹಾಕಿಸಿಕೊಳ್ಳಬೇಕೆಂಬ ವಿಧಿಯೂ ಇದೆ. ಇಂದಿನ ಭಾರತದಲ್ಲಿ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಅಡಿಯ 2011ರ ನಿಯಮಗಳಂತೆ ತೂಕದ ಬಟ್ಟುಗಳನ್ನು 24 ತಿಂಗಳಿಗೊಮ್ಮೆ, ವಿದ್ಯುನ್ಮಾನ ತಕ್ಕಡಿಗಳನ್ನು 12 ತಿಂಗಳಿಗೊಮ್ಮೆ ಮರುಪರಿಶೀಲಿಸಿ ಮುದ್ರೆ ಹಾಕಬೇಕು. ಮುದ್ರೆಗೆ ಅವಧಿ ಇದೆ ಎಂಬ ಈ ಅಂಶ ಮುಂದಿನ ಚರ್ಚೆಗೆ ಮುಖ್ಯವಾದುದು.

ಪರಿಶೀಲಕರ ಬಳಿ ಇರುವ ಬಟ್ಟು ಸರಿಯಿದೆಯೆಂದು ಹೇಳುವವರು ಯಾರು? ಅದನ್ನು ಅದಕ್ಕಿಂತ ಮೇಲಿನ ದ್ವಿತೀಯ ಮಾನಕದೊಡನೆ ಹೋಲಿಸುತ್ತಾರೆ. ದ್ವಿತೀಯ ಮಾನಕವನ್ನು ಆಧಾರ ಮಾನಕದೊಡನೆ ಹೋಲಿಸುತ್ತಾರೆ. ಬೆಂಗಳೂರಿನ ಪ್ರಾದೇಶಿಕ ಆಧಾರ ಮಾನಕ ಪ್ರಯೋಗಾಲಯದಂತಹ ಸಂಸ್ಥೆಗಳು ಈ ಶ್ರೇಣಿಯಲ್ಲಿ ಬರುತ್ತವೆ. ಅದರ ತುದಿಯಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ರಾಷ್ಟ್ರೀಯ ಮಾನಕವಿದೆ. ಜಗತ್ತಿನ ಮಟ್ಟದಲ್ಲಿ 2019ರ ಮೇ 20ರವರೆಗೂ ಪ್ಯಾರಿಸ್ ಬಳಿ ಕಾಪಾಡಿದ್ದ ಲೋಹದ ತುಂಡೊಂದೇ ಕಿಲೋಗ್ರಾಂ ಎನಿಸಿತ್ತು. ಅದರ ತೂಕ ಸರಿಯೇ ಎಂದು ಕೇಳುವಂತಿರಲಿಲ್ಲ. ಅದೇ ಸರಿಯ ವ್ಯಾಖ್ಯೆಯಾಗಿತ್ತು. ಅಳತೆಯ ಪ್ರತಿಯೊಂದು ಸರಪಳಿಯಲ್ಲಿಯೂ ಯಾರೂ ಅಳೆಯದ ಒಂದು ಮೊದಲ ಕೊಂಡಿ ಇದ್ದೇ ಇರುತ್ತದೆ. ಗಣಕಯಂತ್ರಕ್ಕೂ ಈ ಮಾತು ಅನ್ವಯಿಸುತ್ತದೆ.

2. ಗಣಕಯಂತ್ರ ಎಚ್ಚರಗೊಳ್ಳುವ ಬಗೆ

ವಿದ್ಯುತ್ತಿನ ಗುಂಡಿ ಒತ್ತಿದೊಡನೆ ಗಣಕವು ಒಮ್ಮೆಲೇ ಸಿದ್ಧವಾಗುವುದಿಲ್ಲ. ಮೊದಲು ತಾಯಿಹಲಗೆಯ ಮೇಲಿನ ಚಿಪ್ಪಿನಲ್ಲಿ ನೆಲೆಸಿರುವ ಫರ್ಮ್‌ವೇರ್ ಎಂಬ ಚಿಕ್ಕ ತಂತ್ರಾಂಶ ಕೆಲಸ ಆರಂಭಿಸುತ್ತದೆ. ಅದು ಬೂಟ್ ಲೋಡರ್ ಎಂಬ ಎರಡನೆಯ ತಂತ್ರಾಂಶವನ್ನು ಸ್ಮೃತಿಗೆ ತಂದು ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಬೂಟ್ ಲೋಡರ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು ತರುತ್ತದೆ. ನಾವು ಪರದೆಯ ಮೇಲೆ ಕಾಣುವ ಪದಸಂಸ್ಕಾರಕ, ದತ್ತಸಂಚಯಗಳೆಲ್ಲ ಬರುವುದು ಆ ಬಳಿಕ. ಈ ಸಾಲಿನಲ್ಲಿ ಮೊದಲು ಬಂದವರು ಮುಂದಿನವರೆಲ್ಲರ ಮೇಲೆ ಹಿಡಿತವುಳ್ಳವರು. ಫರ್ಮ್‌ವೇರನ್ನೇ ಯಾರಾದರೂ ತಿದ್ದಿದ್ದರೆ ಮೇಲಿನ ವೈರಾಣುನಾಶಕ ತಂತ್ರಾಂಶಕ್ಕೆ ಅದು ಕಾಣದಿರಬಹುದು. ನೋಡುವ ಕಣ್ಣೇ ತಿದ್ದಿದವನ ವಶದಲ್ಲಿರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇದಕ್ಕೆ ಎರಡು ಬಗೆಯ ಪರಿಹಾರಗಳಿವೆ. ಸಹಿ ಇಲ್ಲದ ತಂತ್ರಾಂಶವನ್ನು ಒಳಗೆ ಬಿಡದೆ ತಡೆಯುವುದು ಒಂದು. ಇದನ್ನು ಸುರಕ್ಷಿತ ಬೂಟ್ ಎನ್ನುತ್ತಾರೆ. ತಡೆಯದೆ, ಒಳಗೆ ಬಂದವರೆಲ್ಲರ ಗುರುತನ್ನು ಅಳಿಸಲಾಗದಂತೆ ಬರೆದಿಡುವುದು ಇನ್ನೊಂದು; ಇದು ಅಳತೆಯ ಬೂಟ್. ನಮ್ಮ ಒಕ್ಕಲು ಸಂಸ್ಕೃತಿಯಲ್ಲಿ ಇವೆರಡಕ್ಕೂ ಸಂವಾದಿಗಳಿವೆ. ಹಗೇವಿನ ಬಾಯಿ ಮುಚ್ಚುವುದು, ಕಣಜದ ಕೋಣೆಗೆ ಬೀಗ ಹಾಕುವುದು ಮೊದಲನೆಯ ಬಗೆ. ಕಣದಲ್ಲಿ ರಾಶಿಯ ಮೇಲೆ ಬೂದಿಯ ಗೆರೆ ಎಳೆದು ಗುರುತು ಹಾಕುವುದು ಎರಡನೆಯ ಬಗೆ. ಬೂದಿಯ ಗೆರೆ ಕಳ್ಳನನ್ನು ತಡೆಯಲಾರದು. ಆದರೆ ಬೆಳಗ್ಗೆ ಬಂದು ನೋಡಿದಾಗ ಗೆರೆ ಕದಡಿದ್ದರೆ ರಾಶಿಗೆ ಯಾರೋ ಕೈ ಹಾಕಿದ್ದಾರೆಂಬುದು ಖಚಿತವಾಗುತ್ತದೆ. ಆಚರಣೆಯೆಂದು ನಾವು ದಾಖಲಿಸುವ ಆ ಗೆರೆ ಒಂದು ಸಾಕ್ಷ್ಯವೂ ಹೌದು.

3. ಹ್ಯಾಶ್ ಮತ್ತು ಅಳಿಸಲಾಗದ ಲೆಕ್ಕ

ಗಣಕದಲ್ಲಿ ಗುರುತು ಹಾಕುವ ಸಾಧನವೇ ಹ್ಯಾಶ್. ಎಷ್ಟೇ ದೊಡ್ಡ ಕಡತವನ್ನು ಕೊಟ್ಟರೂ ಈ ಗಣನವಿಧಿ ನಿಗದಿತ ಉದ್ದದ ಒಂದು ಸಂಖ್ಯೆಯನ್ನು ಹಿಂತಿರುಗಿಸುತ್ತದೆ. ಅದೇ ಕಡತಕ್ಕೆ ಯಾವಾಗಲೂ ಅದೇ ಸಂಖ್ಯೆ ಬರುತ್ತದೆ. ಕಡತದಲ್ಲಿ ಒಂದು ಕಾಗುಣಿತ ಬದಲಾದರೂ ಸಂಖ್ಯೆ ಪೂರ್ತಿಯಾಗಿ ಬೇರೆಯಾಗುತ್ತದೆ. ಸಂಖ್ಯೆಯಿಂದ ಕಡತವನ್ನು ಹಿಂದಕ್ಕೆ ಪಡೆಯುವುದು, ಅದೇ ಸಂಖ್ಯೆ ಬರುವ ಇನ್ನೊಂದು ಕಡತವನ್ನು ರಚಿಸುವುದು ಇವೆರಡೂ ಕಾರ್ಯತಃ ಅಸಾಧ್ಯವಾಗಿರಬೇಕು. ಭಾರತದ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 3ನೇ ಪ್ರಕರಣವು ಹ್ಯಾಶನ್ನು ಹೆಚ್ಚುಕಡಿಮೆ ಇದೇ ರೀತಿಯಲ್ಲಿ ವ್ಯಾಖ್ಯಾನಿಸುತ್ತದೆ.

ಅಳತೆಯ ಬೂಟ್‌ನಲ್ಲಿ ಪ್ರತಿಯೊಂದು ಘಟ್ಟವೂ ಅಧಿಕಾರ ಒಪ್ಪಿಸುವ ಮೊದಲು ಮುಂದಿನ ಘಟ್ಟದ ತಂತ್ರಾಂಶದ ಹ್ಯಾಶ್ ತೆಗೆಯುತ್ತದೆ. ಆ ಸಂಖ್ಯೆಯನ್ನು ಟಿಪಿಎಂ ಎಂಬ ಪ್ರತ್ಯೇಕ ಚಿಪ್ಪಿಗೆ ಕಳುಹಿಸುತ್ತದೆ. ಚಿಪ್ಪಿನೊಳಗೆ ಪಿಸಿಆರ್ ಎಂಬ ಲೆಕ್ಕದ ಮನೆಗಳಿವೆ. ಸಾಮಾನ್ಯ ಗಣಕಗಳಲ್ಲಿ ಇವುಗಳ ಸಂಖ್ಯೆ 24. ಈ ಮನೆಗಳಲ್ಲಿ ನೇರವಾಗಿ ಏನನ್ನೂ ಬರೆಯಲು ಬರುವುದಿಲ್ಲ. ಮನೆಯಲ್ಲಿ ಈಗಿರುವ ಸಂಖ್ಯೆಯ ಮುಂದೆ ಹೊಸ ಅಳತೆಯನ್ನು ಜೋಡಿಸಿ, ಆ ಜೋಡಿಯ ಹ್ಯಾಶ್ ತೆಗೆದು, ಫಲಿತಾಂಶವನ್ನು ಮತ್ತೆ ಅದೇ ಮನೆಯಲ್ಲಿ ಇಡಲಾಗುತ್ತದೆ. ಹೀಗಾಗಿ ಕೊನೆಯ ಸಂಖ್ಯೆಯಲ್ಲಿ ಹಿಂದಿನ ಎಲ್ಲ ಅಳತೆಗಳೂ, ಅವು ಬಂದ ಕ್ರಮವೂ ಅಡಕವಾಗಿರುತ್ತವೆ. ಮೊದಲು ಬಂದದ್ದನ್ನು ಆಮೇಲೆ ಅಳಿಸಲು ದಾರಿಯಿಲ್ಲ.

ಮೈಸೂರಿನವರಿಗೆ ಇದನ್ನು ತಿಳಿಸಲು ಸುಲಭವಾದ ಹೋಲಿಕೆಯೊಂದಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ 1962ರ ಸಾರ್ವತ್ರಿಕ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿಯನ್ನು ಒದಗಿಸುತ್ತ ಬಂದಿದೆ. ಆ ಶಾಯಿಯನ್ನು ತೊಳೆದು ತೆಗೆಯಲಾಗದು. ಉಗುರು ಬೆಳೆದು ಹೊಸದಾದಾಗಲೇ ಗುರುತು ಹೋಗುತ್ತದೆ. ಬೂಟ್‌ನ ಅಳತೆ ಇಡುವ ಪಿಸಿಆರ್ ಮನೆಗಳೂ ಹಾಗೆಯೇ. ಯಂತ್ರವನ್ನು ಮತ್ತೆ ಮೊದಲಿನಿಂದ ಆರಂಭಿಸಿದಾಗ ಮಾತ್ರ ಅವು ಶೂನ್ಯಕ್ಕೆ ಮರಳುತ್ತವೆ.

ಘಟ್ಟಗಳ ವಿವರವನ್ನು ಬೇರೆಯಾಗಿ ಒಂದು ದಿನಚರಿಯಲ್ಲಿ ಬರೆದಿಡುತ್ತಾರೆ. ದೂರದ ಪರಿಶೀಲಕರು ಚಿಪ್ಪಿನ ಸಹಿಯುಳ್ಳ ಕೊನೆಯ ಸಂಖ್ಯೆಯನ್ನು ತರಿಸಿಕೊಂಡು, ದಿನಚರಿಯಂತೆ ತಾವೂ ಲೆಕ್ಕ ಹಾಕಿ, ಎರಡೂ ಒಂದೇ ಆಗಿವೆಯೇ ಎಂದು ನೋಡುತ್ತಾರೆ. ಮೊದಲ ಘಟ್ಟವನ್ನು ಅಳೆಯುವವರು ಯಾರೂ ಇಲ್ಲವಾದ್ದರಿಂದ ಅದನ್ನು ತಿದ್ದಲಾಗದ ಭಾಗದಲ್ಲಿ ಇರಿಸಬೇಕಾಗುತ್ತದೆ. ಪ್ಯಾರಿಸಿನ ಲೋಹದ ತುಂಡಿನ ಸ್ಥಾನ ಇದರದು.

4. ಮುದ್ರೆ ಸವೆದ ಇತಿಹಾಸ

ರೊನಾಲ್ಡ್ ರಿವೆಸ್ಟ್ ರೂಪಿಸಿ 1992ರಲ್ಲಿ ಪ್ರಕಟವಾದ ಎಂಡಿ5, ಅಮೆರಿಕದ ಮಾನಕ ಸಂಸ್ಥೆ 1995ರಲ್ಲಿ ಹೊರತಂದ ಶಾ-1 ಇವೆರಡೂ ದೀರ್ಘಕಾಲ ಬಳಕೆಯಲ್ಲಿದ್ದ ಹ್ಯಾಶ್ ವಿಧಾನಗಳು. ಶಾ-1ರ ಫಲಿತಾಂಶ 160 ಬಿಟ್‌ಗಳಷ್ಟು ಉದ್ದ. 2003ರಲ್ಲಿ ಬಂದ ಟಿಪಿಎಂ 1.2 ಚಿಪ್ಪುಗಳ ಮನೆಗಳನ್ನು ಈ ಉದ್ದಕ್ಕೇ ಅಳೆದು ಕಟ್ಟಲಾಗಿತ್ತು; ಅವುಗಳಲ್ಲಿ ಶಾ-1 ಬಿಟ್ಟರೆ ಬೇರೆ ಆಯ್ಕೆ ಇರಲಿಲ್ಲ.

ಹ್ಯಾಶ್‌ನ ಬಲವನ್ನು ಅಳೆಯುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮದುವೆ ಮನೆಯಲ್ಲಿ ನನ್ನ ಹುಟ್ಟುಹಬ್ಬದ ದಿನವೇ ಹುಟ್ಟಿದವರು ಸಿಗಬೇಕಾದರೆ ನೂರಾರು ಜನರನ್ನು ಕೇಳಬೇಕು. ಆದರೆ ಯಾರೋ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಾಗಲು 23 ಜನ ಸಾಕು. ಹಾಗೆಯೇ ಗೊತ್ತಾದ ಒಂದು ಕಡತಕ್ಕೆ ಸರಿಹೊಂದುವ ಖೋಟಾ ಕಡತ ಹುಡುಕುವುದು ಬಹಳ ಕಷ್ಟ. ಒಂದೇ ಹ್ಯಾಶ್ ಬರುವ ಯಾವುದೋ ಎರಡು ಕಡತಗಳನ್ನು ಸೃಷ್ಟಿಸುವುದು ಅದಕ್ಕಿಂತ ಸುಲಭ. ಈ ಎರಡನೆಯದನ್ನು ಡಿಕ್ಕಿ ಎಂದು ಕರೆಯೋಣ. 160 ಬಿಟ್‌ಗಳ ಹ್ಯಾಶ್‌ಗೆ ಡಿಕ್ಕಿ ಹುಡುಕಲು 2ರ 80ನೇ ಘಾತದಷ್ಟು ಯತ್ನಗಳು ಬೇಕೆಂಬುದು ಮೂಲ ಅಂದಾಜು.

ಚೀನಾದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು 2004ರಲ್ಲಿ ಎಂಡಿ5ಕ್ಕೆ ಡಿಕ್ಕಿ ತೋರಿಸಿದರು. 2005ರಲ್ಲಿ ಶಾ-1ರ ಅಂದಾಜನ್ನು 2ರ 69ನೇ ಘಾತಕ್ಕೆ ಇಳಿಸಿದರು. 2012ರಲ್ಲಿ ಬೆಳಕಿಗೆ ಬಂದ ಫ್ಲೇಮ್ ಎಂಬ ಕುತಂತ್ರಾಂಶ ಎಂಡಿ5ರ ಡಿಕ್ಕಿಯನ್ನೇ ಬಳಸಿ ಖೋಟಾ ಸಹಿ ಮಾಡಿತ್ತು. 2017ರ ಫೆಬ್ರವರಿ 23ರಂದು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯೂಐ ಸಂಸ್ಥೆ ಮತ್ತು ಗೂಗಲ್ ಸೇರಿ ಒಂದೇ ಶಾ-1 ಹ್ಯಾಶ್ ಉಳ್ಳ ಎರಡು ಬೇರೆ ಬೇರೆ ಪಿಡಿಎಫ್ ಕಡತಗಳನ್ನು ಪ್ರಕಟಿಸಿದವು. 2020ರಲ್ಲಿ ಗೆಟಾನ್ ಲ್ಯೂರೆಂಟ್ ಮತ್ತು ಥಾಮಸ್ ಪೆರಾ ಅವರು ಆರಂಭದ ಭಾಗಗಳನ್ನು ತಮಗೆ ಬೇಕಾದಂತೆ ಆರಿಸಿಕೊಂಡೂ ಡಿಕ್ಕಿ ಸಾಧಿಸಬಹುದೆಂದು ತೋರಿಸಿದರು. ಅದಕ್ಕೆ 900 ಗ್ರಾಫಿಕ್ಸ್ ಸಂಸ್ಕಾರಕಗಳ ಎರಡು ತಿಂಗಳ ದುಡಿಮೆ ಸಾಕಾಯಿತು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಶಾ-1ರ ಬಳಕೆಯನ್ನು 2030ರ ಡಿಸೆಂಬರ್ 31ರೊಳಗೆ ನಿಲ್ಲಿಸಬೇಕೆಂದು ಘೋಷಿಸಿತು.

ಇದಕ್ಕೆ ಬದಲಾಗಿ ಬಂದ ಶಾ-2 ಬಳಗ 2002ರಲ್ಲಿಯೇ ಮಾನಕವಾಗಿತ್ತು. ಶಾ-256, ಶಾ-384, ಶಾ-512 ಇದರ ಮುಖ್ಯ ಸದಸ್ಯರು; ಸಂಖ್ಯೆಯು ಬಿಟ್‌ಗಳ ಉದ್ದವನ್ನು ಸೂಚಿಸುತ್ತದೆ. ಬೇರೆಯೇ ತತ್ತ್ವದ ಮೇಲೆ ರಚಿತವಾದ ಶಾ-3 2015ರಲ್ಲಿ ಮಾನಕವಾಯಿತು. ಚೀನಾ ತನ್ನದೇ ಆದ ಎಸ್‌ಎಂ3 ಬಳಸುತ್ತದೆ. 2014ರ ಟಿಪಿಎಂ 2.0 ಒಂದೇ ಹ್ಯಾಶ್‌ಗೆ ಅಂಟಿಕೊಳ್ಳದೆ, ಪ್ರತಿಯೊಂದು ವಿಧಾನಕ್ಕೂ ಬೇರೆ ಬೇರೆ ಮನೆಗಳ ಸಾಲು ಇಡಲು ಅವಕಾಶ ನೀಡಿತು. ಈ ಸಾಲುಗಳನ್ನು ಬ್ಯಾಂಕ್ ಎನ್ನುತ್ತಾರೆ.

5. ಆಯ್ಕೆಯ ತೊಡಕುಗಳು

ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿದರೆ ಮುಗಿಯಿತಲ್ಲವೇ ಎಂದು ತೋರಬಹುದು. ವಾಸ್ತವ ಅಷ್ಟು ಸರಳವಲ್ಲ.

ಮೊದಲ ತೊಡಕು ಅಪಾಯದ ಸ್ವರೂಪಕ್ಕೆ ಸಂಬಂಧಿಸಿದ್ದು. ಹೊರಗಿನವನೊಬ್ಬ ಈಗಾಗಲೇ ಬಿಡುಗಡೆಯಾದ ಕರ್ನಲ್ಲಿಗೆ ಸರಿಹೊಂದುವ ಖೋಟಾ ಕರ್ನಲ್ ರಚಿಸಬೇಕಾದರೆ ಡಿಕ್ಕಿ ಸಾಲದು. ಗೊತ್ತಾದ ಕಡತಕ್ಕೇ ಜೋಡಿ ಹುಡುಕಬೇಕು. ಶಾ-1ರಲ್ಲಿ ಅದು ಇನ್ನೂ ಯಾರಿಗೂ ಸಾಧ್ಯವಾಗಿಲ್ಲ. ಆದ್ದರಿಂದ ಆರಂಭದ ಅಳತೆಗೆ ಶಾ-1 ಸಾಕೆಂದು ವಾದಿಸುವವರಿದ್ದಾರೆ. ಆದರೆ ಸಾಚಾ ಮತ್ತು ಖೋಟಾ ಎರಡನ್ನೂ ಒಬ್ಬನೇ ಸಿದ್ಧಪಡಿಸುವ ಸಂದರ್ಭ ಬೇರೆ. ತಂತ್ರಾಂಶ ತಯಾರಿಸುವ ಕಡೆಯಲ್ಲಿಯೇ ಇರುವವನು ಡಿಕ್ಕಿಯಾಗುವ ಎರಡು ಪ್ರತಿಗಳನ್ನು ಹೆಣೆದು, ಒಳ್ಳೆಯದನ್ನು ಪರಿಶೀಲನೆಗೆ ಕೊಟ್ಟು, ಕೆಟ್ಟದ್ದನ್ನು ಆಮೇಲೆ ನುಗ್ಗಿಸಬಹುದು. ಅಳತೆ ಎರಡಕ್ಕೂ ಒಂದೇ ಆಗಿರುತ್ತದೆ. ಯಾರನ್ನು ನಂಬಬೇಕಾಗಿಲ್ಲವೋ ಆ ವ್ಯವಸ್ಥೆಯಲ್ಲಿಯೇ ಮುದ್ರೆಗೆ ಬೆಲೆ. ತಯಾರಕರನ್ನು ನಂಬಿದರೆ ಮಾತ್ರ ಸಲ್ಲುವ ಮುದ್ರೆ ಹೂವಿನ ಮೊಳಕ್ಕೆ ಸಮಾನ.

ಎರಡನೆಯದು ಸ್ಥಳದ ಕೊರತೆ. ಯಂತ್ರ ಕಣ್ಣು ಬಿಡುವ ಹೊತ್ತಿನಲ್ಲಿ ದೊಡ್ಡ ತಂತ್ರಾಂಶ ಭಂಡಾರಗಳು ಲಭ್ಯವಿರುವುದಿಲ್ಲ. ಟಿಪಿಎಂ ಚಿಪ್ಪು ನಿಧಾನವಾದುದರಿಂದ ದೊಡ್ಡ ಕಡತಗಳನ್ನು ಮುಖ್ಯ ಸಂಸ್ಕಾರಕವೇ ಅಳೆದು ಫಲಿತಾಂಶವನ್ನಷ್ಟೇ ಚಿಪ್ಪಿಗೆ ಕಳುಹಿಸುತ್ತದೆ. ಆದಕಾರಣ ಬಳಸುವ ಪ್ರತಿಯೊಂದು ಹ್ಯಾಶ್‌ನ ಸಂಕೇತವನ್ನೂ ಆ ಇಕ್ಕಟ್ಟಾದ ಘಟ್ಟದೊಳಗೆ ಕೂರಿಸಬೇಕು. ವಿಧಾನಗಳು ಹೆಚ್ಚಿದಷ್ಟೂ ತಪ್ಪಿಗೆ ಎಡೆ ಹೆಚ್ಚುತ್ತದೆ, ಪರಿಶೀಲನೆ ಕಷ್ಟವಾಗುತ್ತದೆ.

ಮೂರನೆಯ ತೊಡಕು ಎಲ್ಲಕ್ಕಿಂತ ಸೂಕ್ಷ್ಮವಾದುದು. ಚಿಪ್ಪಿನಲ್ಲಿ ಶಾ-1 ಮತ್ತು ಶಾ-256 ಎರಡೂ ಬ್ಯಾಂಕುಗಳು ತೆರೆದಿವೆ ಎನ್ನೋಣ. ಫರ್ಮ್‌ವೇರ್ ಒಂದರಲ್ಲಿ ಮಾತ್ರ ಅಳತೆ ಬರೆದು ಇನ್ನೊಂದನ್ನು ಖಾಲಿ ಬಿಟ್ಟರೆ ಏನಾಗುತ್ತದೆ? ಖಾಲಿ ಮನೆಯಲ್ಲಿ ಮೊದಲು ಬರೆಯುವ ಅವಕಾಶ ಆಮೇಲೆ ಬಂದವನಿಗೆ ಸಿಗುತ್ತದೆ. ಒಳ್ಳೆಯ ಯಂತ್ರವೊಂದರ ದಿನಚರಿಯನ್ನು ಹಿಡಿದುಕೊಂಡು, ಅದರ ಅಳತೆಗಳನ್ನು ಒಂದೊಂದಾಗಿ ಸುರಿದರೆ ಸಾಕು. ಕೆಟ್ಟ ಯಂತ್ರ ಒಳ್ಳೆಯದೆಂದು ಸಾಕ್ಷಿ ಹೇಳುತ್ತದೆ. ಇದು ಕಲ್ಪನೆಯ ಮಾತಲ್ಲ. 2021ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಸರ್ಫೇಸ್ ಪ್ರೊ 3 ಗಣಕದಲ್ಲಿ ಇಂತಹುದೇ ದೋಷ ಪ್ರಕಟವಾಯಿತು. ಅಲ್ಲಿ ಖಾಲಿ ಉಳಿದಿದ್ದುದು ಬಲಹೀನವಾದ ಶಾ-1 ಅಲ್ಲ, ಬಲವಾದ ಶಾ-256ರ ಬ್ಯಾಂಕು. ಹ್ಯಾಶ್‌ನ ಗಣಿತದಲ್ಲಿ ಯಾವ ಬಿರುಕೂ ಇರಲಿಲ್ಲ. ಗಟ್ಟಿ ಅರಗನ್ನು ತಂದಿಟ್ಟು ಮುದ್ರೆ ಒತ್ತುವುದನ್ನೇ ಮರೆತಂತಾಗಿತ್ತು.

ಈ ಕಾರಣದಿಂದಲೇ ಶಾ-1ನ್ನು ನಂಬದವರೂ ಅದರ ಬ್ಯಾಂಕು ತೆರೆದಿದ್ದರೆ ಅದನ್ನು ಲಕ್ಷಿಸದೆ ಬಿಡುವಂತಿಲ್ಲ. ಲಿನಕ್ಸ್ ಕರ್ನಲ್ಲಿಗೆ ಸುರಕ್ಷಿತ ಮರುಪ್ರಾರಂಭದ ಸೌಲಭ್ಯ ಸೇರಿಸಲು ಟ್ರೆಂಚ್‌ಬೂಟ್ ಯೋಜನೆಯವರು ಮುಂದಿಟ್ಟ ಸಂಕೇತದ ಕುರಿತು 2024ರಲ್ಲಿ ನಡೆದ ವಾದದ ತಿರುಳೂ ಇದೇ. ಯಂತ್ರ ಓಡುತ್ತಿರುವಾಗಲೇ ಸಂಸ್ಕಾರಕದ ವಿಶೇಷ ಆಜ್ಞೆಯಿಂದ 17ನೆಯ ಮನೆಯಿಂದ ಮುಂದಿನ ಕೆಲವು ಮನೆಗಳನ್ನು ಶೂನ್ಯಕ್ಕಿಳಿಸಿ ಹೊಸದಾಗಿ ಅಳೆಯುವುದು ಈ ಸೌಲಭ್ಯ. ಕಣವನ್ನು ಮತ್ತೊಮ್ಮೆ ಸಾರಿಸಿ ರಾಶಿ ಹಾಕಿದಂತೆ. ಹೊಸದಾಗಿ ಬರೆಯುವ ಸಂಕೇತದಲ್ಲಿ ಶಾ-1 ಏಕೆ ಬೇಕೆಂದು ವಿಮರ್ಶಕರು ಕೇಳಿದರು. ಟಿಪಿಎಂ 1.2 ಉಳ್ಳ ಯಂತ್ರಗಳಲ್ಲಿ ಅನ್ಯಮಾರ್ಗವಿಲ್ಲ, ಟಿಪಿಎಂ 2.0ರಲ್ಲಿಯೂ ತೆರೆದ ಬ್ಯಾಂಕನ್ನು ಖಾಲಿ ಬಿಡುವಂತಿಲ್ಲ ಎಂಬುದು ಪ್ರತಿವಾದ. ಇದಕ್ಕೆ ನಡುದಾರಿಯೂ ಉಂಟು. ಬಳಸದ ಬ್ಯಾಂಕನ್ನು ಮೊದಲೇ ಮುಚ್ಚಿಬಿಡುವುದು. ಅದು ಆಗದಿದ್ದರೆ, ಅಳತೆಯಲ್ಲವೆಂದು ಎಲ್ಲರಿಗೂ ಗೊತ್ತಾಗುವ ಒಂದು ಸಂಖ್ಯೆಯನ್ನು ಅದರೊಳಗೆ ಸೇರಿಸಿ ಕೆಡಿಸಿಡುವುದು. ಲೆಕ್ಕದ ಪುಸ್ತಕದಲ್ಲಿ ಖಾಲಿ ಉಳಿದ ಸಾಲಿಗೆ ಅಡ್ಡಗೆರೆ ಎಳೆಯುವ ಶಾನುಭೋಗರ ಜಾಣ್ಮೆ ಇದೇ ಅಲ್ಲವೇ?

6. ನಮ್ಮ ನೆಲದಲ್ಲಿ ಈ ಪ್ರಶ್ನೆ

ಈ ಚರ್ಚೆ ತಂತ್ರಜ್ಞರಿಗೆ ಮಾತ್ರ ಸೇರಿದ್ದೆಂದು ಭಾವಿಸಲಾಗದು. ಕರ್ನಾಟಕದ ಭೂಮಿ ಯೋಜನೆಯಲ್ಲಿ ಈ ಶತಮಾನದ ಆರಂಭದಲ್ಲಿಯೇ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಕೈಬರಹದ ಪಹಣಿಯಲ್ಲಿ ತಿದ್ದಿದ್ದರೆ ಶಾಯಿಯ ಬಣ್ಣ, ಕೆರೆದ ಕಾಗದ ಸಾಕ್ಷಿ ನುಡಿಯುತ್ತಿದ್ದವು. ಗಣಕದ ದಾಖಲೆಯಲ್ಲಿ ಅಂತಹ ಗಾಯದ ಗುರುತು ತಾನಾಗಿ ಉಳಿಯುವುದಿಲ್ಲ. ಉಳಿಯುವಂತೆ ನಾವೇ ಏರ್ಪಾಡು ಮಾಡಬೇಕು. ದಾಖಲೆಗೆ ಹ್ಯಾಶ್ ಹಾಕುವ ಯಂತ್ರವೇ ಆರಂಭದಲ್ಲಿ ಕೆಟ್ಟಿದ್ದರೆ ಆ ಹ್ಯಾಶ್‌ಗೂ ಅರ್ಥವಿಲ್ಲ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದು 63ನೇ ಪ್ರಕರಣದಲ್ಲಿ ವಿಧಿಸುತ್ತದೆ. ಅನುಸೂಚಿಯಲ್ಲಿರುವ ಆ ಪತ್ರದ ನಮೂನೆಯಲ್ಲಿ ದಾಖಲೆಯ ಹ್ಯಾಶ್ ಬರೆಯಬೇಕು. ವಿಧಾನವನ್ನು ಗುರುತಿಸಲು ಶಾ-1, ಶಾ-256, ಎಂಡಿ5, ಇತರ ಎಂಬ ಆಯ್ಕೆಗಳನ್ನು ಕೊಡಲಾಗಿದೆ. ಹ್ಯಾಶನ್ನು ಕಡ್ಡಾಯ ಮಾಡಿದ್ದು ಸ್ವಾಗತಾರ್ಹ. ಆದರೆ ಡಿಕ್ಕಿ ಸಾಬೀತಾದ ಎರಡು ವಿಧಾನಗಳು ಗಟ್ಟಿಯಾದ ಒಂದರ ಸಾಲಿನಲ್ಲಿಯೇ ಕುಳಿತಿವೆ. ದಾಖಲೆಯನ್ನು ತಾನೇ ಸೃಷ್ಟಿಸಿದ ಕಕ್ಷಿದಾರನ ಸಂದರ್ಭದಲ್ಲಿ ಡಿಕ್ಕಿಯೇ ಅಪಾಯವೆಂಬುದನ್ನು ಮೇಲೆ ನೋಡಿದೆವು. ನಮೂನೆಯಲ್ಲಿ ಆಯ್ಕೆ ಇರುವಾಗ ಶಾ-256ನ್ನೇ ಗುರುತಿಸುವುದು ವಕೀಲರು, ಪೊಲೀಸರು ಮತ್ತು ದಾಖಲೆಪಾಲಕರು ಇಂದಿನಿಂದಲೇ ಮಾಡಬಹುದಾದ ಕೆಲಸ.

ಜಾನಪದದವರಿಗೆ ಇದರಲ್ಲಿ ನೇರವಾದ ಹಿತಾಸಕ್ತಿಯಿದೆ. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರಾಗಲಿ, ಮಾದಪ್ಪನ ಕಥೆಯನ್ನು ಹಾಡುವ ಕಂಸಾಳೆಯವರಾಗಲಿ ಒಂದೇ ಸಾಲನ್ನು ಎರಡು ರಾತ್ರಿ ಒಂದೇ ರೀತಿ ಹಾಡುವುದಿಲ್ಲ. ಪಾಠಾಂತರವೇ ಮೌಖಿಕ ಪರಂಪರೆಯ ಉಸಿರು. ಅಲ್ಲಿ ಹ್ಯಾಶ್‌ನ ಬಿಗಿ ಹಿಡಿತಕ್ಕೆ ಎಡೆಯಿಲ್ಲ. ಆದರೆ ಒಂದು ರಾತ್ರಿಯ ಹಾಡು ಧ್ವನಿಮುದ್ರಣವಾದ ಕ್ಷಣದಿಂದ ಅದು ಆ ಗಾಯಕರ ಮಾತಿಗೆ ಸಾಕ್ಷಿಯಾಗುತ್ತದೆ. ಅವರು ತೀರಿಹೋದ ಬಳಿಕ ಯಾರಾದರೂ ಅದರಲ್ಲಿ ಒಂದು ಜಾತಿಯ ಹೆಸರನ್ನೋ ಒಂದು ಊರಿನ ಹೆಸರನ್ನೋ ತೆಗೆದರೆ, ಸೇರಿಸಿದರೆ, ಸರಿಪಡಿಸಲು ಅವರು ಮತ್ತೆ ಬರುವುದಿಲ್ಲ. ಹಾಡಿನಲ್ಲಿ ಬದಲಾವಣೆ ಗಾಯಕರ ಹಕ್ಕು. ಮುದ್ರಣದಲ್ಲಿ ಬದಲಾವಣೆ ಯಾರ ಹಕ್ಕೂ ಅಲ್ಲ.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಆರಂಭದ ಅಳತೆಗೆ ಇಂದು ಕನಿಷ್ಠ ಶಾ-256 ಬೇಕು. ಚಿಪ್ಪು ಶಾ-384ಕ್ಕೆ ಅವಕಾಶ ಕೊಡುವಲ್ಲಿ ಅದನ್ನು ಬಳಸಬಹುದು. ತೆರೆದಿರುವ ಯಾವ ಬ್ಯಾಂಕನ್ನೂ ಖಾಲಿ ಬಿಡಬಾರದು. ಬೇಡವಾದುದನ್ನು ಮುಚ್ಚಬೇಕು ಇಲ್ಲವೆ ಕೆಡಿಸಿಡಬೇಕು. ಹಳೆಯ ಯಂತ್ರಗಳಲ್ಲಿ ಶಾ-1ರ ಅಳತೆ ಉಳಿದಿದ್ದರೂ ಅದೊಂದನ್ನೇ ಆಧರಿಸಿ ಪರಿಶೀಲಕರು ತೀರ್ಪು ಕೊಡಬಾರದು. ಹ್ಯಾಶ್ ಬರೆಯುವಲ್ಲೆಲ್ಲ ಅದರ ವಿಧಾನದ ಹೆಸರನ್ನೂ ದಿನಾಂಕವನ್ನೂ ಬರೆಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮರುಮುದ್ರೆಯ ಕ್ರಮ. ತೂಕದ ಬಟ್ಟು ಬಳಸಿ ಬಳಸಿ ಸವೆಯುತ್ತದೆ. ಹ್ಯಾಶ್ ತಾನಾಗಿ ಸವೆಯದಿದ್ದರೂ ಗಣಿತ ಬೆಳೆದಂತೆ, ಯಂತ್ರಗಳ ಬಲ ಹೆಚ್ಚಿದಂತೆ ಅದರ ಬೆಲೆ ಇಳಿಯುತ್ತದೆ. ಹಳೆಯ ಮುದ್ರೆ ಇನ್ನೂ ನಂಬಿಕೆಗೆ ಅರ್ಹವಾಗಿರುವಾಗಲೇ ಅದರೊಡನೆ ತಾಳೆ ನೋಡಿ ಹೊಸ ಮುದ್ರೆ ಹಾಕಬೇಕು. ಹಳೆಯದು ಮುರಿದ ಮೇಲೆ ಹಾಕುವ ಮುದ್ರೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆಯೇ ಸರಿ. ಧ್ವನಿಭಂಡಾರಗಳು, ಪತ್ರಾಗಾರಗಳು, ಭೂದಾಖಲೆಯ ಕಚೇರಿಗಳು ಇದಕ್ಕೊಂದು ಅವಧಿಯನ್ನು ಗೊತ್ತುಪಡಿಸಿಕೊಂಡು, ದಾಖಲೆಗಳ ಜೊತೆಗೆ ಅವುಗಳನ್ನು ಅಳೆಯುವ ಯಂತ್ರಗಳನ್ನೂ ಆ ಪರಿಶೀಲನೆಯ ವ್ಯಾಪ್ತಿಗೆ ತಂದುಕೊಳ್ಳುವುದು ಅಗತ್ಯ.